ಬ್ಯಾಲನ್ ಬಿಸಿಯಾದಾಗ

ನನ್ನ ಹ್ಯಾಮ್ ರೇಡಿಯೋಗೆ ತಾರಸಿ ಮೇಲೆ 40 ಮೀಟರ್ ತರಂಗಾಂತರದ ಬ್ಯಾಂಡಿಗೆ ಡೈಪೋಲ್, ಅಂದರೆ ನಡುವೆ ಎರಡು ಕೈಗಳಾಗಿ ಕತ್ತರಿಸಿದ ತಂತಿಯ ಆಂಟೆನಾ, ಕಟ್ಟಿದ್ದೆ. ಸುಮಾರು 20 ಮೀಟರ್ ತಂತಿ, ಒಂದು ತುದಿ ನೀರಿನ ಟ್ಯಾಂಕ್ ಪಕ್ಕದ ಕಂಬಕ್ಕೆ, ಇನ್ನೊಂದು ತೆಂಗಿನ ಮರಕ್ಕೆ. ನಡುವೆ ಆರ್‌ಜಿ-58 ಕೋ-ಆಕ್ಸ್ ಕೇಬಲ್ಲನ್ನು (ಮಧ್ಯೆ ಒಳತಂತಿ, ಸುತ್ತ ಲೋಹದ ಜಾಲರಿ) ನೇರವಾಗಿ ಬೆಸುಗೆ ಹಾಕಿದ್ದೆ, ಎರಡೂ ಕೈಗಳಿಗೆ ಸಮನಾಗಿ ಕರೆಂಟ್ ಹೋಗುವಂತೆ ನೋಡಿಕೊಳ್ಳುವ ಬ್ಯಾಲನ್ ಇರಲಿಲ್ಲ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತದೆ ಅನ್ನುವುದರ ಅಳತೆ; 1 ಅಂದರೆ ಏನೂ ವಾಪಸಿಲ್ಲ) 1.5 ಬಂತು, ಸಾಕಲ್ವಾ ಅಂದುಕೊಂಡೆ. ಆದರೆ ಮಾತಾಡುವಾಗ ಮೈಕ್ ತುಟಿಗೆ ತಾಗಿದರೆ ಚುರ್ ಅನ್ನುತ್ತಿತ್ತು, ಕೇಬಲ್ ಕೈಯಲ್ಲಿ ಹಿಡಿದರೆ ಸಾಕು, ಮೀಟರಿನ ಮುಳ್ಳು ಜರುಗುತ್ತಿತ್ತು.

ಕಾರಣ ಇಷ್ಟೇ. ಒಳತಂತಿಯ ಕರೆಂಟಿಗೆ ಡೈಪೋಲಿನ ಒಂದು ಕೈ ಬಿಟ್ಟರೆ ಬೇರೆ ದಾರಿ ಇಲ್ಲ. ಜಾಲರಿಯ ಒಳಮೈಯಲ್ಲಿರುವ ಕರೆಂಟಿಗೆ ಎರಡು ದಾರಿ: ಇನ್ನೊಂದು ಕೈ, ಇಲ್ಲವೇ ಜಾಲರಿಯ ಹೊರಮೈ. ಹೊರಮೈ ಹಿಡಿದು ಕೆಳಗೆ ಇಳಿದದ್ದೇ ನನ್ನ ಮೈಕಿಗೆ ಬರುತ್ತಿತ್ತು. ಎಫ್‌ಟಿ240-43 ಫೆರೈಟ್ ರಿಂಗಿನ ಮೇಲೆ ಅದೇ ಕೇಬಲ್ಲನ್ನು 11 ಸುತ್ತು ಸುತ್ತಿ ಡೈಪೋಲಿನ ನಡುವೆ, ಕೇಬಲ್ ಸೇರುವಲ್ಲೇ ಕಟ್ಟಿದೆ. ಇದೇ 1:1 ಕರೆಂಟ್ ಬ್ಯಾಲನ್: ಹೊರಮೈಯ ಕರೆಂಟನ್ನು ತಡೆಯುತ್ತದೆ, ಓಮ್ ಬದಲಿಸುವುದಿಲ್ಲ. ಚುರ್ ಅನ್ನುವುದು ಅವತ್ತೇ ನಿಂತಿತು.

ಆಮೇಲೆ ಅದೇ ತಂತಿಯಲ್ಲಿ 20 ಮೀಟರ್ ಬ್ಯಾಂಡೂ ಬೇಕು ಅನ್ನಿಸಿತು. ಕೋ-ಆಕ್ಸ್ ತೆಗೆದು, ಪಿವಿಸಿ ಪೈಪಿನ ತುಂಡುಗಳನ್ನು ನಡುವೆ ಕೊಟ್ಟು, ಎರಡು ತಂತಿ ಸುಮಾರು 3 ಸೆಂಟಿಮೀಟರ್ ಅಂತರದಲ್ಲಿರುವ 450 ಓಮ್ ಏಣಿ ಲೈನ್ ಮಾಡಿದೆ. ತಾರಸಿ ರೂಮಿಗೆ 5 ಮೀಟರ್ ಸಾಕಾಯಿತು. ಲೈನ್ 450 ಓಮ್, ರೇಡಿಯೋ ಕಡೆಯ ಕೋ-ಆಕ್ಸ್ 50 ಓಮ್, ಹಾಗಾಗಿ ಇಳಿಸಲು ಓಮನ್ನು ನಾಲ್ಕನೇ ಒಂದು ಭಾಗಕ್ಕೆ ತರುವ 4:1 ಬ್ಯಾಲನ್ ಬೇಕೇ ಬೇಕು ಅಂತ ಸುಮ್ನೆ ಹಾಕಿಬಿಟ್ಟೆ. ರೇಡಿಯೋಗೂ ಆಂಟೆನಾಗೂ ಓಮ್ ಹೊಂದಿಸುವ ಟ್ಯೂನರನ್ನು ಹೇಗೆ ತಿರುಗಿಸಿದರೂ ಒಗ್ಗಲಿಲ್ಲ, 50 ವಾಟಿಗೇ ರಿಂಗ್ ಕೈ ಇಡಲಾಗದಷ್ಟು ಬಿಸಿ.

ಪೇಪರ್ ತಗೊಂಡು ಕೂತ ಮೇಲೆ ತಿಳಿಯಿತು. 20 ಮೀಟರ್ ಬ್ಯಾಂಡ್, ಅಂದರೆ 14 ಮೆಗಾಹರ್ಟ್ಸ್‌ನಲ್ಲಿ ಆ ಡೈಪೋಲಿನ ನಡುವೆ ಕೆಲವು ಸಾವಿರ ಓಮ್ ಇರುತ್ತದೆ, 4000 ಅಂತಲೇ ಇಟ್ಟುಕೊಳ್ಳಿ. ಅಲ್ಲಿ 5 ಮೀಟರ್ ಲೈನ್ ಅಂದರೆ ಸರಿಸುಮಾರು ಕಾಲು ತರಂಗಾಂತರ. ಅಷ್ಟು ಉದ್ದದ ಲೈನಿನ ಕೆಳತುದಿಯಲ್ಲಿ ಕಾಣುವ ಓಮ್ ತಿಳಿಯಲು ಲೈನಿನ ಓಮಿನ ವರ್ಗವನ್ನು ಮೇಲ್ತುದಿಯ ಓಮಿನಿಂದ ಭಾಗಿಸಬೇಕು. 450ರ ವರ್ಗವನ್ನು 4000ದಿಂದ ಭಾಗಿಸಿದರೆ ಸುಮಾರು 50 ಓಮ್! ಲೈನೇ ಇಳಿಸಿ ಕೊಟ್ಟದ್ದನ್ನು ನಾನು ಮತ್ತೆ ನಾಲ್ಕರಿಂದ ಭಾಗಿಸಿ 12 ಓಮಿಗೆ ತಂದಿದ್ದೆ. ಬ್ಯಾಲನ್ ನೋಡುವುದು ಲೈನಿನ ಮೇಲೆ ಬರೆದ 450 ಅಲ್ಲ, ಆ ಬ್ಯಾಂಡಿನಲ್ಲಿ, ಆ ಉದ್ದಕ್ಕೆ, ಲೈನಿನ ಕೆಳತುದಿಯಲ್ಲಿ ಕಾಣುವ ಓಮ್.

ಹಳೆಯ 1:1 ಅನ್ನೇ ತಂದು ಟ್ಯೂನರಿಗೂ ಲೈನಿಗೂ ನಡುವೆ ಹಾಕಿದೆ. 40 ಮೀಟರಿನಲ್ಲಿ ಟ್ಯೂನರಿಗೆ ಕೆಲಸ ಜಾಸ್ತಿ, 20ರಲ್ಲಿ ಸ್ವಲ್ಪ ತಿರುಗಿಸಿದರೆ ಸಾಕು. ಅರ್ಧ ಗಂಟೆ ಮಾತಾಡಿ, ರೇಡಿಯೋ ಆಫ್ ಮಾಡಿ ಮುಟ್ಟಿ ನೋಡಿದೆ. ರಿಂಗ್ ತಣ್ಣಗಿತ್ತು.