ಸಹೋದ್ಯೋಗಿಗಳ ಆರ್ಕೆಸ್ಟ್ರಾಕ್ಕೆ ಮೊದಲ ದೊಡ್ಡ ವೇದಿಕೆ: ಸಿದ್ಧತೆ ಹೇಗಿರಬೇಕು?

ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ, ಆಯುಧಪೂಜೆಯ ದಿನ ಯಂತ್ರಗಳ ನಡುವೆ, ನಿವೃತ್ತರಾಗುವವರ ಬೀಳ್ಕೊಡುಗೆಯಲ್ಲಿ ಹಾಡಿ ನುಡಿಸಿ ಸೈ ಎನಿಸಿಕೊಂಡ ಸಹೋದ್ಯೋಗಿಗಳ ಆರ್ಕೆಸ್ಟ್ರಾಕ್ಕೆ ಒಂದಲ್ಲ ಒಂದು ವರ್ಷ ಗಣೇಶೋತ್ಸವ ಮಂಡಳಿಯ ವೇದಿಕೆಯಿಂದಲೋ ರಾಜ್ಯೋತ್ಸವದ ಸಂಜೆಯಿಂದಲೋ ಕರೆ ಬರುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಮತ್ತು ಮಷೀನ್ ಶಾಪ್‌ಗಳಲ್ಲಿ, ಬ್ಯಾಂಕು, ಆಸ್ಪತ್ರೆ, ಕಾಲೇಜುಗಳಲ್ಲಿ ಇಂತಹ ತಂಡಗಳು ಹುಟ್ಟಿಕೊಳ್ಳುವುದು ಸಹಜ. ಕರೆ ಬಂದ ಕೂಡಲೇ ಬಹುತೇಕ ತಂಡಗಳು ಮಾಡುವ ಮೊದಲ ಕೆಲಸವೆಂದರೆ ಹಾಡುಗಳ ಸಂಖ್ಯೆಯನ್ನು ಹೆಚ್ಚಿಸುವುದು. ನನ್ನ ಸಲಹೆ ಇದಕ್ಕೆ ವಿರುದ್ಧವಾಗಿದೆ. ಸಣ್ಣ ಕೋಣೆಗೂ ದೊಡ್ಡ ವೇದಿಕೆಗೂ ಇರುವ ನಿಜವಾದ ವ್ಯತ್ಯಾಸ ಪ್ರೇಕ್ಷಕರ ಸಂಖ್ಯೆಯಲ್ಲಿಲ್ಲ. ಕ್ಯಾಂಟೀನಿನಲ್ಲಿ ಒಬ್ಬರಿಗೊಬ್ಬರು ಸ್ಪಷ್ಟವಾಗಿ ಕೇಳಿಸುತ್ತಿದ್ದವರು ದೊಡ್ಡ ವೇದಿಕೆಯ ಮೇಲೆ ಒಬ್ಬರಿಗೊಬ್ಬರು ಕೇಳಿಸುವುದೇ ಇಲ್ಲ. ಆದ್ದರಿಂದ ಪರಸ್ಪರ ಕೇಳಿಸದ ಸ್ಥಿತಿಯಲ್ಲೂ ಕೂಡಿ ನುಡಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಸುತ್ತ ಸಿದ್ಧತೆ ನಡೆಯಬೇಕು.

ಇದರ ಕಾರಣವನ್ನು ತಿಳಿದುಕೊಂಡರೆ ಮುಂದಿನ ಸೂಚನೆಗಳು ಅರ್ಥವಾಗುತ್ತವೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ವೇದಿಕೆಯ ಒಂದು ತುದಿಯಲ್ಲಿರುವ ಢೋಲಕ್ಕಿನ ಪೆಟ್ಟು ಹತ್ತು ಮೀಟರ್ ಆಚೆ ನಿಂತ ಗಿಟಾರ್ ವಾದಕನನ್ನು ತಲುಪಲು ಸುಮಾರು 30 ಮಿಲಿಸೆಕೆಂಡು ಬೇಕು. ಚುರುಕಿನ ಹಾಡಿನಲ್ಲಿ ಇಷ್ಟೇ ವಿಳಂಬ ಲಯವನ್ನು ಜಾರಿಸಲು ಸಾಕಾಗುತ್ತದೆ. ಇನ್ನೂ ದೊಡ್ಡ ತೊಂದರೆ ಗಲ್ಲಿಗಳಲ್ಲಿ ಎದುರಾಗುತ್ತದೆ. ವೇದಿಕೆಯ ಎದುರಿಗೆ ಮೂವತ್ತು ಮೀಟರ್ ದೂರದಲ್ಲಿ ಮೂರಂತಸ್ತಿನ ಕಟ್ಟಡವಿದ್ದರೆ, ಮುಂದಿನ ಸ್ಪೀಕರುಗಳ ಶಬ್ದ ಅದಕ್ಕೆ ಬಡಿದು ಸೆಕೆಂಡಿನ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ತಡವಾಗಿ ಗಾಯಕರ ಕಿವಿಗೆ ಮರಳುತ್ತದೆ, ಮತ್ತು ಗಾಯಕರು ತಮಗರಿವಿಲ್ಲದೆಯೇ ಆ ಮರುದನಿಗೆ ಹೊಂದಿಕೊಂಡು ಹಿಂದೆ ಬೀಳುತ್ತಾರೆ. ವಿಜಯಪುರದ ಗೋಳಗುಮ್ಮಟದ ಒಳಗೆ ಚಪ್ಪಾಳೆ ತಟ್ಟಿ ಅದು ಮತ್ತೆ ಮತ್ತೆ ಕೇಳಿಸಿದ್ದನ್ನು ಅನುಭವಿಸಿದವರಿಗೆ ಅಲ್ಲಿ ತಾಳ ಹಾಕುವುದು ಏಕೆ ಅಸಾಧ್ಯವೆಂದು ಬೇರೆ ವಿವರಿಸಬೇಕಾಗಿಲ್ಲ. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರ ಅಥವಾ ವಿಜಯಪುರದ ಕಂದಗಲ್ಲ ಹನುಮಂತರಾಯ ರಂಗಮಂದಿರದಂತಹ ಮುಚ್ಚಿದ ಸಭಾಂಗಣದಲ್ಲಿ ಸಮಸ್ಯೆಯ ರೂಪ ಬೇರೆಯಾಗಿರುತ್ತದೆ. ಖಾಲಿ ಸಭಾಂಗಣ ಹೆಚ್ಚು ಗುಂಗುಡುತ್ತದೆ, ಜನ ತುಂಬಿದ ಮೇಲೆ ಅವರ ಮೈ ಬಟ್ಟೆಗಳು ಶಬ್ದವನ್ನು ಹೀರಿಕೊಳ್ಳುವುದರಿಂದ ಗುಂಗು ಇಳಿಯುತ್ತದೆ. ಆದಕಾರಣ ಮಧ್ಯಾಹ್ನದ ಪರೀಕ್ಷೆಯಲ್ಲಿ ಕೇಳಿಸಿದ್ದೇ ಸಂಜೆ ಕೇಳಿಸುತ್ತದೆ ಎಂದು ನಂಬಬಾರದು.

ಯಾರು ಸನ್ನೆ ಕೊಡಬೇಕು?

ಕಚೇರಿಯ ತಂಡಗಳಲ್ಲಿ ಈ ಪ್ರಶ್ನೆ ಸಂಗೀತಕ್ಕಿಂತ ಹೆಚ್ಚಾಗಿ ಹುದ್ದೆಗೆ ಸಂಬಂಧಿಸಿದ್ದು. ಮ್ಯಾನೇಜರ್ ಸಾಹೇಬರು ಹಾಡುತ್ತಾರೆ, ಅವರ ವಿಭಾಗದ ಆಪರೇಟರ್ ತಬಲಾ ನುಡಿಸುತ್ತಾರೆ. ಸಾಹೇಬರು ಚರಣವನ್ನು ಅರ್ಧ ಮಾತ್ರೆ ಮೊದಲೇ ಎತ್ತಿಕೊಂಡರೆ ತಬಲಾದವರು ಮರ್ಯಾದೆಯಿಂದ ಅವರ ಹಿಂದೆ ಓಡುತ್ತಾರೆ, ಕೀಬೋರ್ಡಿನವರು ಬರೆದಿಟ್ಟುಕೊಂಡಂತೆಯೇ ಮುಂದುವರಿಯುತ್ತಾರೆ, ಹಾಡು ಅಲ್ಲಿಗೆ ಎರಡು ತುಂಡಾಗುತ್ತದೆ. ಕೇಳಿಸದಿರುವ ವೇದಿಕೆಯಲ್ಲಿ ಎಲ್ಲರೂ ಒಬ್ಬರನ್ನೇ ಅನುಸರಿಸಬೇಕು, ಮತ್ತು ಆ ಒಬ್ಬರು ಲಯವಾದ್ಯ ನುಡಿಸುವವರೇ ಆಗಿರಬೇಕು. ಗಾಯಕರು ತಪ್ಪಿದರೆ ಗಾಯಕರೇ ಲಯಕ್ಕೆ ಮರಳಿ ಬಂದು ಸೇರಿಕೊಳ್ಳಬೇಕು. ಈ ನಿಯಮವನ್ನು ಮೊದಲ ತಾಲೀಮಿನ ದಿನವೇ ಬಾಯಿಬಿಟ್ಟು ಹೇಳಿ ಒಪ್ಪಿಸಿಕೊಳ್ಳುವುದು ಒಳ್ಳೆಯದು. ತಬಲಾದವರು "ಸರ್, ನೀವು ಒಂದು ಆವರ್ತನ ಬಿಟ್ಟು ಎತ್ತಿಕೋರಿ" (ಆವರ್ತನವೆಂದರೆ ತಾಳದ ಒಂದು ಪೂರ್ಣ ಸುತ್ತು) ಎಂದು ಮುಜುಗರವಿಲ್ಲದೆ ಹೇಳಬಲ್ಲ ವಾತಾವರಣ ತಾಲೀಮಿನ ಕೋಣೆಯಲ್ಲಿ ಇರದಿದ್ದರೆ, ಅದು ವೇದಿಕೆಯ ಮೇಲೆ ತಾನಾಗಿ ಬರುವುದಿಲ್ಲ. ಇದನ್ನು ಒಪ್ಪಿಸುವ ಕೆಲಸವನ್ನು ಸಾಹೇಬರೇ ಮೊದಲು ಮಾಡಿದರೆ ಎಲ್ಲರಿಗೂ ಹಗುರವಾಗುತ್ತದೆ.

ಸನ್ನೆಗಳು ಕಣ್ಣಿಗೆ ಕಾಣುವಂಥವಾಗಿರಬೇಕು. ಆರಂಭಕ್ಕೆ ಕೋಲಿನಿಂದ ನಾಲ್ಕು ಎಣಿಕೆ, ಚರಣವನ್ನು ಬಿಟ್ಟು ಪಲ್ಲವಿಗೆ ಮರಳಲು ತಲೆಯ ಮೇಲೆ ಮುಷ್ಟಿ, ಮುಕ್ತಾಯಕ್ಕೆ ಎತ್ತಿದ ಕೈ, ಇಷ್ಟು ಸಾಕು. ಮೂರಕ್ಕಿಂತ ಹೆಚ್ಚು ಸನ್ನೆಗಳು ಗದ್ದಲದಲ್ಲಿ ಯಾರಿಗೂ ನೆನಪಿರುವುದಿಲ್ಲ. ಹಾಡಿನ ಮುಕ್ತಾಯವನ್ನು ಆರಂಭಕ್ಕಿಂತ ಹೆಚ್ಚು ಬಾರಿ ಅಭ್ಯಾಸ ಮಾಡಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಟ್ಟಿಗೆ ನಿಂತ ಹಾಡಿನ ನಡುವಿನ ತಪ್ಪುಗಳನ್ನು ಪ್ರೇಕ್ಷಕರು ಮರೆಯುತ್ತಾರೆ, ಆದರೆ ಒಬ್ಬೊಬ್ಬರಾಗಿ ನಿಲ್ಲಿಸಿದ ಹಾಡನ್ನು ಮರೆಯುವುದಿಲ್ಲ.

ಕರೋಕೆ ಟ್ರ್ಯಾಕಿಗೆ ಹಾಡಿ ರೂಢಿಯಾದ ಗಾಯಕರಿಗೆ ಪ್ರತ್ಯೇಕ ಅಭ್ಯಾಸ ಬೇಕಾಗುತ್ತದೆ. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ, ಯಾರನ್ನೂ ನೋಡುವುದಿಲ್ಲ. ಪರದೆಯ ಮೇಲಿನ ಅಕ್ಷರ ಬಣ್ಣ ಬದಲಿಸಿದಾಗ ಬಾಯಿ ತೆರೆದರೆ ಮುಗಿಯಿತು. ಮನುಷ್ಯರು ನುಡಿಸುವಾಗ ಮಧ್ಯದ ಮ್ಯೂಸಿಕ್ ಬಿಟ್ ಎಷ್ಟು ಆವರ್ತನವೆಂದು ಗಾಯಕರು ಎಣಿಸಲು ಕಲಿಯಬೇಕು.

ತಾಲೀಮು

ಮೂರು ಪಾಳಿಗಳಲ್ಲಿ ದುಡಿಯುವವರು ವಾರಕ್ಕೆ ಒಮ್ಮೆಗಿಂತ ಹೆಚ್ಚು ಎಲ್ಲರೂ ಕೂಡುವುದು ಕಷ್ಟ. ಹೀಗಾಗಿ ಲಯವಾದ್ಯ, ಬೇಸ್ ಮತ್ತು ಕೀಬೋರ್ಡಿನವರು ಒಂದು ಸಂಜೆ, ಗಾಯಕರು ಕೀಬೋರ್ಡಿನವರೊಂದಿಗೆ ಮತ್ತೊಂದು ಸಂಜೆ ಕೂಡಿ, ರವಿವಾರವನ್ನು ಪೂರ್ಣ ತಂಡಕ್ಕೆ ಮೀಸಲಿಡುವುದು ಸೂಕ್ತ. ಪೂರ್ಣ ತಾಲೀಮಿನಲ್ಲಿ ವೃತ್ತಾಕಾರವಾಗಿ ಕುಳಿತು ನುಡಿಸುವ ಸುಖವನ್ನು ಕೊನೆಯ ಮೂರು ವಾರಗಳಲ್ಲಿ ಬಿಟ್ಟುಬಿಡಬೇಕು. ವೇದಿಕೆಯ ಮೇಲೆ ಇರುವಂತೆಯೇ ಒಂದೇ ದಿಕ್ಕಿಗೆ ಮುಖ ಮಾಡಿ, ಅಷ್ಟೇ ಅಂತರದಲ್ಲಿ ನಿಲ್ಲಬೇಕು. ಆಮೇಲೆ ಒಂದೊಂದು ಹಾಡಿನಲ್ಲಿ ಒಂದೊಂದು ವಾದ್ಯವನ್ನು ಮೌನವಾಗಿಸಿ ಉಳಿದವರು ನಿಲ್ಲದೆ ಮುಗಿಸುತ್ತಾರೆಯೇ ಎಂದು ನೋಡಬೇಕು. ಗಾಯಕರ ಮೈಕನ್ನು ನಡುವೆ ಬಂದ್ ಮಾಡಿ, ಎರಡು ಸಾಲುಗಳ ನಂತರ ಚಾಲೂ ಮಾಡಿದಾಗ ಹಾಡು ಅದೇ ಜಾಗದಲ್ಲಿದೆಯೇ ಎಂದು ಪರೀಕ್ಷಿಸಬೇಕು. ಈ ಆಟ ಮೊದಲಿಗೆ ನಗೆ ತರಿಸುತ್ತದೆ, ಆದರೆ ವೇದಿಕೆಯ ಮೇಲೆ ಮೈಕಿನ ವೈರು ಕಿತ್ತುಬಂದಾಗ ತಂಡವನ್ನು ಕಾಯುವುದು ಇದೇ ಅಭ್ಯಾಸ.

ಅರವತ್ತು ನಿಮಿಷಗಳ ಅವಕಾಶ ಸಿಕ್ಕಿದ್ದರೆ ಒಂಬತ್ತು ಹಾಡುಗಳು ಸಾಕು. ಹಾಡಿಗೆ ನಾಲ್ಕೂವರೆ ನಿಮಿಷವೆಂದು ಹಿಡಿದರೂ ನಲವತ್ತು ನಿಮಿಷ ಆಗುತ್ತದೆ. ಉಳಿದದ್ದು ನಿರೂಪಣೆಗೆ, ಶ್ರುತಿ ನೋಡಿಕೊಳ್ಳಲಿಕ್ಕೆ ಮತ್ತು ನಡುವೆ ತಪ್ಪದೆ ಬರುವ ಮುಖ್ಯ ಅತಿಥಿಗಳ ಸನ್ಮಾನಕ್ಕೆ ಹೋಗುತ್ತದೆ. ಬೆಳಗಾವಿಯ ಪ್ರೇಕ್ಷಕರಲ್ಲಿ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಅರಿತವರು ಹೆಚ್ಚು, ಮೂರೂ ಭಾಷೆಗಳ ಹಾಡುಗಳಿಗೆ ಸ್ಪಂದಿಸುತ್ತಾರೆ. ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇರುವುದು ಇದೇ ಜಿಲ್ಲೆಯಲ್ಲಿ. ಶ್ರುತಿ ತಪ್ಪಿದರೆ ಮುಂದಿನ ಸಾಲಿನ ಹಿರಿಯರ ಮುಖದಲ್ಲೇ ಅದು ಗೊತ್ತಾಗುತ್ತದೆ. ಹಾಡುಗಳ ಅನುಕ್ರಮವನ್ನು ನಿರ್ಧರಿಸುವಾಗ ಪಟ್ಟಿಯನ್ನು, ಅಂದರೆ ಯಾರು ಯಾವ ಶ್ರುತಿಯಲ್ಲಿ ಹಾಡುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಹಾರ್ಮೋನಿಯಮ್ಮಿನ ಕರಿ ಮನೆಗಳ ಲೆಕ್ಕದಲ್ಲಿ ಗಂಡಸರು ಸಾಮಾನ್ಯವಾಗಿ ಕರಿ ಒಂದರಿಂದ ಕರಿ ಎರಡರವರೆಗೆ, ಹೆಂಗಸರು ಕರಿ ನಾಲ್ಕರಿಂದ ಕರಿ ಐದರವರೆಗೆ ಹಾಡುತ್ತಾರೆ. ಒಂದೇ ತಬಲಾವನ್ನು ಸುತ್ತಿಗೆಯಿಂದ ಬಡಿದು ಅಷ್ಟು ದೂರ ಏರಿಸಿ ಇಳಿಸುವುದು ಸಾಧ್ಯವಿಲ್ಲದ ಕಾರಣ, ಬೇರೆ ಬೇರೆ ಅಳತೆಯ ಎರಡು ದಾಯಾಂಗಳನ್ನು (ಬಲಗೈಯಿಂದ ನುಡಿಸುವ ತಬಲಾ) ಇಟ್ಟುಕೊಂಡು, ಒಂದೇ ಪಟ್ಟಿಯ ಹಾಡುಗಳನ್ನು ಒಟ್ಟಿಗೆ ಜೋಡಿಸಬೇಕು. ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ (ಪಟ್ಟಿಯನ್ನು ಏರಿಳಿಸುವ ಗುಂಡಿ) ಬಳಸುವವರು ಪ್ರತಿ ಹಾಡಿನ ಮುಂದೆ ಅದರ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುವುದು ಕಡ್ಡಾಯ. ಹಿಂದಿನ ಹಾಡಿನ ಅಂಕಿ ಹಾಗೆಯೇ ಉಳಿದರೆ ಗಿಟಾರ್ ಒಂದು ಪಟ್ಟಿಯಲ್ಲಿ, ಕೀಬೋರ್ಡ್ ಇನ್ನೊಂದು ಪಟ್ಟಿಯಲ್ಲಿ ಆರಂಭವಾಗುತ್ತವೆ.

ಮೊದಲ ಹಾಡು ವಾದ್ಯಗಳಿಂದ ಶುರುವಾಗುವಂಥದ್ದಾಗಿರಲಿ. ಒಂಟಿ ದನಿಯ ಆಲಾಪದಿಂದ ಆರಂಭಿಸಿದರೆ ಸೌಂಡಿನವರು ಮೈಕಿನ ಮಟ್ಟವನ್ನು ಹುಡುಕುವಷ್ಟರಲ್ಲಿ ಆಲಾಪ ಮುಗಿದಿರುತ್ತದೆ.

ಸೌಂಡಿನವರೊಂದಿಗೆ ಮಾತು

ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಸೌಂಡಿನವರನ್ನು ಕಂಡು, ಯಾರು ಎಲ್ಲಿ ನಿಲ್ಲುತ್ತಾರೆ, ಯಾವ ವಾದ್ಯಕ್ಕೆ ಎಷ್ಟು ಮೈಕು ಅಥವಾ ಲೈನು (ವಾದ್ಯದಿಂದ ನೇರ ವೈರು) ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ತಬಲಾಕ್ಕೆ ಎರಡು, ರಿದಮ್ ಪ್ಯಾಡಿಗೆ ಎರಡು, ಕೀಬೋರ್ಡಿಗೆ ಎರಡು, ಬೇಸ್ ಮತ್ತು ಗಿಟಾರಿಗೆ ಒಂದೊಂದು, ಗಾಯಕರಿಗೆ ಮೂರು, ನಿರೂಪಕರಿಗೆ ಒಂದು ಎಂದರೆ ಹನ್ನೆರಡಾಯಿತು. ಹದಿನಾರು ಚಾನೆಲ್ಲಿನ ಮಿಕ್ಸರ್ (ಎಲ್ಲ ಮೈಕು, ಲೈನುಗಳ ಶಬ್ದವನ್ನು ಕೂಡಿಸುವ ಯಂತ್ರ) ಇದಕ್ಕೆ ಧಾರಾಳ. ಮುಂದಿನ ಸ್ಪೀಕರುಗಳು ಎಷ್ಟು ದೊಡ್ಡವು ಎಂದು ಕೇಳುವುದಕ್ಕಿಂತ ವೇದಿಕೆಯ ಮೇಲೆ ಎಷ್ಟು ಮಾನಿಟರುಗಳಿವೆ, ಅಂದರೆ ಹಾಡಿ ನುಡಿಸುವವರತ್ತ ಮುಖ ಮಾಡಿದ ಸ್ಪೀಕರುಗಳು ಎಷ್ಟಿವೆ ಎಂದು ಕೇಳಿ. ಗಾಯಕರಿಗೊಂದು, ಲಯವಾದ್ಯದವರಿಗೊಂದು, ಕೀಬೋರ್ಡ್ ಮತ್ತು ಬೇಸಿನವರಿಗೊಂದು ಇಲ್ಲದಿದ್ದರೆ ಹಟ ಹಿಡಿಯಬೇಕಾದ ಜಾಗ ಇದೊಂದೇ. ಮಾನಿಟರಿನಲ್ಲಿ ಎಲ್ಲವನ್ನೂ ಕೇಳುವ ಆಸೆ ಬೇಡ: ಗಾಯಕರಿಗೆ ಅವರ ದನಿ ಮತ್ತು ಕೀಬೋರ್ಡು, ಲಯದವರಿಗೆ ಬೇಸ್ ಮತ್ತು ಮುಖ್ಯ ಗಾಯಕರು ಕೇಳಿಸಿದರೆ ಹಾಡು ನಡೆಯುತ್ತದೆ. ಎಲ್ಲರೂ "ನನ್ನದು ಇನ್ನೂ ಸ್ವಲ್ಪ ಏರಿಸಿ" ಎನ್ನುತ್ತ ಹೋದರೆ ಕೊನೆಗೆ ಮೈಕು ಸೀಟಿ ಹೊಡೆಯತೊಡಗುತ್ತದೆ.

ಸೀಟಿ ಬರುವುದು ಸ್ಪೀಕರಿನ ಶಬ್ದ ಮತ್ತೆ ಮೈಕನ್ನು ಹೊಕ್ಕು ಸುತ್ತು ಹಾಕುವುದರಿಂದ. ಹಾಡಲು ಬಳಸುವ ಸಾಮಾನ್ಯ ಮೈಕು ಮುಂದಿನ ಶಬ್ದವನ್ನು ಹಿಡಿದು ಹಿಂದಿನದನ್ನು ಬಹುಮಟ್ಟಿಗೆ ಬಿಡುವಂತೆ ರಚಿತವಾಗಿದೆ, ಆದ್ದರಿಂದ ಮಾನಿಟರ್ ಮೈಕಿನ ಬೆನ್ನ ಹಿಂದಿರಬೇಕು, ಗಾಯಕರು ಮುಂದಿನ ಸ್ಪೀಕರುಗಳ ಸಾಲನ್ನು ದಾಟಿ ಪ್ರೇಕ್ಷಕರತ್ತ ಇಳಿಯಬಾರದು. ಮೈಕಿನ ಜಾಳಿಗೆಯ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಶೈಲಿ ನೋಡಲು ಚೆಂದವೆನಿಸಿದರೂ, ಹಾಗೆ ಮುಚ್ಚಿದಾಗ ಹಿಂದಿನ ಶಬ್ದವನ್ನು ಬಿಡುವ ಅದರ ಗುಣವೇ ಕೆಟ್ಟು ಸೀಟಿ ಬರುತ್ತದೆ.

ಸೌಂಡ್ ಚೆಕ್‌ಗೆ ಸಮಯ ಸಿಕ್ಕರೆ ಲಯವಾದ್ಯಗಳಿಂದ ಆರಂಭಿಸಿ ಬೇಸ್, ಗಿಟಾರ್, ಕೀಬೋರ್ಡ್, ಕೊನೆಗೆ ದನಿ ಎಂಬ ಕ್ರಮದಲ್ಲಿ ಸಾಗಿ, ನಂತರ ಅತ್ಯಂತ ಗಟ್ಟಿಯಾದ ಹಾಡಿನ ಒಂದು ಪಲ್ಲವಿಯನ್ನು ಎಲ್ಲರೂ ಕೂಡಿ ನುಡಿಸಬೇಕು. ಇಡೀ ಹಾಡುಗಳನ್ನು ಹಾಡಿ ಗಂಟಲು ಸವೆಸುವುದು ಅನಗತ್ಯ.

ವಿದ್ಯುತ್ತು, ಮಳೆ, ಪರವಾನಗಿ

ಗಿಟಾರಿನ ತಂತಿ ಹಿಡಿದವರ ತುಟಿ ಮೈಕಿಗೆ ತಗುಲಿದಾಗ ಚುರುಕು ಹೊಡೆದರೆ ಅದನ್ನು ನಗುತ್ತ ಬಿಟ್ಟುಬಿಡಬಾರದು. ಅರ್ಥಿಂಗ್ ಸರಿಯಿಲ್ಲ ಎಂಬುದರ ಸೂಚನೆ ಅದು, ಜೀವಕ್ಕೇ ಅಪಾಯ. ವೇದಿಕೆಯ ಮೇಲಿನ ಆಂಪ್ಲಿಫೈಯರುಗಳಿಗೂ ಸೌಂಡಿನವರ ಮಿಕ್ಸರಿಗೂ ಒಂದೇ ಕಡೆಯಿಂದ, ಸರಿಯಾದ ಅರ್ಥಿಂಗ್ ಇರುವ ಮೂರು ಪಿನ್ನಿನ ಸಂಪರ್ಕ ಇದೆಯೆಂದು ಕಾರ್ಖಾನೆಯ ಎಲೆಕ್ಟ್ರಿಷಿಯನ್ ಗೆಳೆಯರೊಬ್ಬರು ಮೀಟರ್ ಹಿಡಿದು ಖಚಿತಪಡಿಸಲಿ; ಸಹೋದ್ಯೋಗಿಗಳ ತಂಡಕ್ಕೆ ಇರುವ ಅನುಕೂಲವೇ ಇದು. ಕರೆಂಟ್ ಹೋಗಿ ಜನರೇಟರ್ ಚಾಲೂ ಆಗುವ ಸಂಧಿಯಲ್ಲಿ ಕೀಬೋರ್ಡು ಮತ್ತು ಪ್ಯಾಡುಗಳು ಬಂದಾಗಿ ಮತ್ತೆ ಶುರುವಾಗುವುದರಿಂದ ಸೇವ್ ಮಾಡದ ಟೋನ್‌ಗಳು ಅಳಿಸಿಹೋಗುತ್ತವೆ. ಕಂಪ್ಯೂಟರಿಗೆ ಬಳಸುವ ಸಣ್ಣ ಯುಪಿಎಸ್ ಒಂದನ್ನು ಕೀಬೋರ್ಡಿಗೆ ಜೋಡಿಸಿದರೆ ಈ ಚಿಂತೆ ಇರುವುದಿಲ್ಲ.

ಗಣೇಶ ಚತುರ್ಥಿ ಬರುವುದು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ, ಬೆಳಗಾವಿಯ ಮಳೆ ಇನ್ನೂ ಪೂರ್ತಿ ಹಿಂದೆ ಸರಿಯದ ಕಾಲದಲ್ಲಿ. ಆರ್ದ್ರ ಗಾಳಿಗೆ ತಬಲಾ ಢೋಲಕ್ಕುಗಳ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ವೇದಿಕೆಯ ದೀಪಗಳ ಕಾವಿಗೆ ಒಣಗಿ ಮತ್ತೆ ಏರುತ್ತದೆ. ವಾದ್ಯಗಳನ್ನು ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ವೇದಿಕೆಯ ಮೇಲಿಟ್ಟು ಆಮೇಲೆ ಶ್ರುತಿ ಮಾಡಬೇಕು. ಗಿಟಾರಿಗೆ ಹೊಸ ತಂತಿಗಳನ್ನು ಅದೇ ದಿನ ಹಾಕದೆ ಎರಡು ದಿನ ಮೊದಲು ಹಾಕಿ, ಎಳೆದು ಪಳಗಿಸಿರಬೇಕು.

ಧ್ವನಿವರ್ಧಕಕ್ಕೆ ಲಿಖಿತ ಪರವಾನಗಿ ಪಡೆಯುವುದು ಮಂಡಳಿಯ ಹೊಣೆಯಾದರೂ, ಅದರಲ್ಲಿರುವ ಸಮಯವನ್ನು ತಂಡ ತಿಳಿದಿರಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ; ಹಬ್ಬಗಳ ಸಂದರ್ಭದಲ್ಲಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ನಿಮ್ಮ ಕಾರ್ಯಕ್ರಮದ ದಿನ ಆ ಸಡಿಲಿಕೆಯಲ್ಲಿ ಬರುತ್ತದೆಯೇ ಎಂದು ಮೊದಲೇ ಕೇಳಿ, ಬರದಿದ್ದರೆ ಅತ್ಯುತ್ತಮ ಹಾಡನ್ನು ಕೊನೆಗೆ ಇಟ್ಟುಕೊಳ್ಳದೆ ಏಳನೆಯದಾಗಿ ಹಾಡಿ. ಚಿತ್ರಗೀತೆಗಳ ಹಕ್ಕಿನ ಬಗ್ಗೆ ಹೇಳುವುದಾದರೆ, ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಮುಂದೆ ನೀಡುವ ಪ್ರದರ್ಶನಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಮಾರುವ ಕಾರ್ಯಕ್ರಮವಾದರೆ ಸಂಘಟಕರು ಪರವಾನಗಿ ಪಡೆದಿದ್ದಾರೆಯೇ ಎಂದು ವಿಚಾರಿಸಬೇಕು. ವಿಡಿಯೊವನ್ನು ಅಂತರ್ಜಾಲಕ್ಕೆ ಏರಿಸುವುದು ಬೇರೆಯೇ ವಿಷಯ, ಆ ವಿನಾಯಿತಿ ಅದಕ್ಕೆ ಅನ್ವಯಿಸುತ್ತದೆ ಎಂದು ಭಾವಿಸಬಾರದು.

ಆ ದಿನ ಎರಡನೆಯ ಪಾಳಿ ಇರುವವರು ರಜೆಯನ್ನು ಹಿಂದಿನ ವಾರವೇ ಮಂಜೂರು ಮಾಡಿಸಿಕೊಳ್ಳಬೇಕು. ಊಟವನ್ನು ಎರಡು ಗಂಟೆ ಮೊದಲು ಹಗುರವಾಗಿ ಮುಗಿಸಿ, ಮಂಡಳಿಯವರು ಪ್ರೀತಿಯಿಂದ ತಂದುಕೊಡುವ ಕುಂದಾವನ್ನು ಇಳಿದ ಮೇಲೆ ತಿನ್ನುವುದು ಗಾಯಕರಿಗೆ ಕ್ಷೇಮ. ಮಿಕ್ಸರಿನಲ್ಲಿ ಪೆನ್ ಡ್ರೈವ್ ಹಾಕಿ ಧ್ವನಿಮುದ್ರಿಸಿಕೊಳ್ಳುವ ಸೌಲಭ್ಯವಿದ್ದರೆ ಸೌಂಡಿನವರಿಗೆ ಮೊದಲೇ ಹೇಳಿ ಬಳಸಿಕೊಳ್ಳಿ, ಜೊತೆಗೆ ಪ್ರೇಕ್ಷಕರ ನಡುವೆ ಒಂದು ಮೊಬೈಲನ್ನೂ ಇಡಿ. ಮಿಕ್ಸರಿನ ಮುದ್ರಣದಲ್ಲಿ ದನಿ ಮುಂದಾಗಿ ಕೇಳಿಸುತ್ತದೆ, ಜನರಿಗೆ ಕೇಳಿಸಿದ್ದು ಮೊಬೈಲಿನ ಮುದ್ರಣದಲ್ಲಿರುತ್ತದೆ. ಮುಂದಿನ ರವಿವಾರ ಎಲ್ಲರೂ ಕೂಡಿ ಎರಡನ್ನೂ ಕೇಳುವಾಗ, ಲಯ ಓಡಿದ ಜಾಗಗಳಲ್ಲಿ ಆ ಹೊತ್ತಿಗೆ ಯಾರಿಗೆ ಏನು ಕೇಳಿಸುತ್ತಿರಲಿಲ್ಲ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದಿಟ್ಟರೆ, ಮುಂದಿನ ವೇದಿಕೆಯಲ್ಲಿ ಸೌಂಡಿನವರಿಗೆ ಕೊಡಬೇಕಾದ ಮಾನಿಟರ್ ಹಾಳೆ ಅಲ್ಲಿಯೇ ಸಿದ್ಧವಾಗುತ್ತದೆ.