ಗಲ್ಫಿಗೆ ಹೊಸತಾಗಿ ಬಂದ ಕಾಸರಗೋಡಿನವರಿಗೆ: ಮಾರ್ಚ್ 31ರ ಲೆಕ್ಕ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ದುಬೈ, ಶಾರ್ಜಾಕ್ಕೆ ಬಂದವರು ಮೊದಲ ವರ್ಷ ಹೇಳುವುದು ಒಂದೇ ಮಾತು: ಇಲ್ಲಿ ಸಂಬಳಕ್ಕೆ ತೆರಿಗೆ ಇಲ್ಲವಲ್ಲ! ಇಲ್ಲಿ ಇಲ್ಲ, ಸರಿ. ಊರಲ್ಲಿ ಇದೆಯೋ ಇಲ್ಲವೋ ಎನ್ನುವುದು ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ನೀವು ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ.

ಕೆಲಸಕ್ಕೆಂದು ಹೊರಟ ವರ್ಷ ಆ ದಿನಗಳು 182 ಮುಟ್ಟಬಾರದು. ಏಪ್ರಿಲಿನಿಂದ ಊರಲ್ಲೇ ಇದ್ದು ಸೆಪ್ಟೆಂಬರ್ 28ಕ್ಕೆ ಹೊರಟರೆ 181 ದಿನ, ನೀವು ಅನಿವಾಸಿ, ಗಲ್ಫ್ ಸಂಬಳಕ್ಕೆ ಊರಲ್ಲಿ ತೆರಿಗೆ ಇಲ್ಲ. 29ಕ್ಕೆ ಹೊರಟರೆ ಇಡೀ ವರ್ಷಕ್ಕೆ ನಿವಾಸಿ. ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿ ಎಣಿಸುವುದೇ ಕ್ಷೇಮ. ಬಜ್ಪೆಯಿಂದಲೋ ಕಣ್ಣೂರಿನಿಂದಲೋ ರಾತ್ರಿ ವಿಮಾನ ಹತ್ತಿದವರು ಪಾಸ್‌ಪೋರ್ಟ್ ತೆರೆದು, ಇಮಿಗ್ರೇಷನ್ ಮುದ್ರೆ ಯಾವ ತಾರೀಕಿನದು ಎಂದು ನೋಡಿಕೊಳ್ಳಿ. ಟಿಕೆಟಿನ ತಾರೀಕು ನಂಬಬೇಡಿ.

ಹೀಗೆ ನಿವಾಸಿಯಾಗಿಯೇ ಉಳಿದವರು, ಅಂದರೆ ನವೆಂಬರಿನಲ್ಲಿ ಬಂದಂಥವರು, ಆ ಮಾರ್ಚ್‌ವರೆಗಿನ ಗಲ್ಫ್ ಸಂಬಳವನ್ನೂ, ಇಲ್ಲಿ ತೆರೆದ ಬ್ಯಾಂಕ್ ಖಾತೆಯನ್ನೂ ಊರಿನ ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಬೇಕು. ಮುಂದೆ ರಜೆಗೆ ಹೋಗುವಾಗಲೂ 182ರ ಮಿತಿಯೇ, ಆದರೆ ಭಾರತದ ಆದಾಯ 15 ಲಕ್ಷ ದಾಟುವವರು 120 ಎಂದು ಹಿಡಿಯಿರಿ.

ಹೆಚ್ಚಿನವರು ಎಡವುವುದು ಬ್ಯಾಂಕಿನಲ್ಲಿ. ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಬಿಡುವಂತಿಲ್ಲ, ಎನ್‌ಆರ್‌ಒ (ಅನಿವಾಸಿಗಳ ಊರಿನ ಆದಾಯಕ್ಕಿರುವ ಖಾತೆ) ಮಾಡಿಸಬೇಕು. ಸಂಬಳ ಕಳಿಸಲು ಬೇರೆಯೇ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಮೊದಲ ರೂಪಾಯಿಯಿಂದಲೇ ಶೇ. 31.2 ಟಿಡಿಎಸ್ (ಬ್ಯಾಂಕೇ ಮೊದಲು ಹಿಡಿದುಕೊಳ್ಳುವ ತೆರಿಗೆ): 50,000 ಬಡ್ಡಿ ಬಂದರೆ 15,600 ಅಲ್ಲೇ ಕಡಿತ. ಯುಎಇಯ ತೆರಿಗೆ ನಿವಾಸಿ ಪ್ರಮಾಣಪತ್ರ ಪಡೆದು, ಆದಾಯ ತೆರಿಗೆ ಪೋರ್ಟಲಿನ ಘೋಷಣೆಯ ಜೊತೆ ಬ್ಯಾಂಕಿಗೆ ಕೊಟ್ಟರೆ ಕಡಿತ ಶೇ. 12.5ಕ್ಕೆ ಇಳಿಯುತ್ತದೆ. ಸಣ್ಣ ಮೊತ್ತಕ್ಕೆ ಇಷ್ಟು ಓಡಾಟ ಬೇಡ. ಭಾರತದ ಒಟ್ಟು ಆದಾಯ 4 ಲಕ್ಷದೊಳಗಿದ್ದರೆ ಹೊಸ ತೆರಿಗೆ ಪದ್ಧತಿಯಲ್ಲಿ ರಿಟರ್ನ್ ಹಾಕಿ, ಕಡಿತವಾದದ್ದು ವಾಪಸ್ ಬರುತ್ತದೆ. ಟಿವಿಯಲ್ಲಿ ಕೇಳಿದ ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬ ರಿಯಾಯಿತಿ ಅನಿವಾಸಿಗಳಿಗೆ ಸಿಗುವುದಿಲ್ಲ.

ಅಡಿಕೆ ತೋಟ ಅಪ್ಪನ ಹೆಸರಿನಲ್ಲಿದ್ದರೆ ಅದರ ಆದಾಯ ನಿಮ್ಮದಲ್ಲ. ನಿಮ್ಮ ಪಾಲಿಗೆ ಬಂದಿದ್ದರೆ ಕೃಷಿ ಆದಾಯವೆಂದು ತೋರಿಸಿ. ಅದಕ್ಕೆ ಕೇಂದ್ರದ ತೆರಿಗೆ ಇಲ್ಲವಾದರೂ ಉಳಿದ ಆದಾಯದ ದರ ಏರಬಹುದು. ಜಾಗದ ತೀರ್ವೆ, ಪಂಚಾಯತಿನ ಕಟ್ಟಡ ತೆರಿಗೆ ಆನ್‌ಲೈನಿನಲ್ಲೇ ಕಟ್ಟಬಹುದು; ವಿಲೇಜ್ ಆಫೀಸಿಗೆ ತಮ್ಮನನ್ನು ಓಡಿಸಬೇಕಾಗಿಲ್ಲ.

ಮೊದಲೇ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಇದ್ದರೆ 15 ವರ್ಷ ಮುಗಿಯುವವರೆಗೆ ನಡೆಸಬಹುದು, ವರ್ಷಕ್ಕೆ ಕನಿಷ್ಠ 500 ರೂಪಾಯಿ ಮಾರ್ಚ್ 31ರೊಳಗೆ ಬೀಳಬೇಕು. ಟಿಡಿಎಸ್ ಕಳೆದೂ 10,000 ಅಥವಾ ಹೆಚ್ಚು ತೆರಿಗೆ ಬಾಕಿ ಉಳಿಯುವುದಾದರೆ ಮುಂಗಡ ತೆರಿಗೆಯ ಕೊನೆಯ ಕಂತಿಗೆ ಮಾರ್ಚ್ 15 ಗಡುವು. ರಿಟರ್ನಿಗೆ ಜುಲೈ 31; ತಪ್ಪಿದರೆ ವಿಳಂಬ ಶುಲ್ಕದೊಂದಿಗೆ ಡಿಸೆಂಬರ್ 31.

ಆಧಾರ್‌ಗೆ ಜೋಡಿಸಿದ ಊರಿನ ಸಿಮ್ ಮಾತ್ರ ಸಾಯಲು ಬಿಡಬೇಡಿ. ರಿಟರ್ನ್ ಹಾಕಿದ 30 ದಿನದೊಳಗೆ ದೃಢೀಕರಿಸದಿದ್ದರೆ ಅದು ಹಾಕಿದ ಲೆಕ್ಕಕ್ಕೇ ಬರುವುದಿಲ್ಲ, ಒಟಿಪಿ ಬರುವುದು ಆ ನಂಬರಿಗೇ. ಸಿಮ್ ಹೋಗಿದ್ದರೆ ಬ್ಯಾಂಕಿನ ನೆಟ್ ಬ್ಯಾಂಕಿಂಗ್ ಮೂಲಕ ದೃಢೀಕರಿಸಬಹುದು.