ಮೈಸೂರು ಮನೇಲಿ ಉಪ್ಪುನೀರಿನ ಟ್ಯಾಂಕು ಇಡೋದು, ಬೆಳೆದ ಹವಳ ಹಂಚೋದು

ನಮ್ಮನೆಗೆ ಬಂದೋರೆಲ್ಲ ಮೊದ್ಲು ಕೇಳೋದು ಒಂದೇ, ಸಮುದ್ರ ಇರೋದು ಎಲ್ಲೋ ಮಂಗಳೂರಲ್ಲಿ, ನೀವು ಕುವೆಂಪುನಗರದಲ್ಲಿ ಕೂತ್ಕೊಂಡು ಹವಳ ಹೆಂಗ್ರೀ ಸಾಕ್ತೀರಾ ಅಂತ. ಸಾಕ್ಬೋದು ಕಣ್ರೀ. ಮೂರಡಿ ಟ್ಯಾಂಕಲ್ಲಿ ಐದು ವರ್ಷದಿಂದ ಸಾಕ್ತಿದೀನಿ, ಮಧ್ಯ ಒಂದ್ಸಲ ಪೂರ್ತಿ ಕಳ್ಕೊಂಡೂ ಇದೀನಿ, ಆ ಕಥೆ ಆಮೇಲೆ ಹೇಳ್ತೀನಿ. ಹೊಸದಾಗಿ ಶುರು ಮಾಡೋರು ಫೋನ್ ಮಾಡಿ ಕೇಳಿದ್ದನ್ನೇ ಕೇಳ್ತಾರೆ, ಅದಕ್ಕೇ ಒಂದೇ ಕಡೆ ಬರೆದಿಟ್ಬಿಡೋಣ ಅಂತ.

ದುಡ್ಡು ಬಿಚ್ಚೋಕೆ ಮುಂಚೆ ಕಾನೂನು ತಿಳ್ಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬಂಡೆ ಕಟ್ಟೋ ಗಟ್ಟಿ ಹವಳ ಎಲ್ಲಾನೂ, ಕಪ್ಪು ಹವಳ, ಆರ್ಗನ್ ಪೈಪ್, ಫೈರ್ ಕೋರಲ್, ಸೀ ಫ್ಯಾನ್ ಇವೆಲ್ಲ ಒಂದನೇ ಶೆಡ್ಯೂಲಲ್ಲಿವೆ, ಅಂದ್ರೆ ಹುಲಿ ಆನೆ ಇರೋ ಪಟ್ಟೀಲಿ. ಕಡಲಕುದುರೇನೂ ಅದ್ರಲ್ಲೇ ಇದೆ. ಯಾರೋ ಅಂಗಡಿಯವ್ರು ಸಿಗತ್ತೆ ಸಾರ್ ತರಿಸ್ಕೊಡ್ತೀನಿ ಅಂದ ತಕ್ಷಣ ಹಲ್ಲು ಬಿಡ್ಬೇಡಿ. ಲೈವ್ ರಾಕ್ ಅಂತ ಮಾರೋ ಬಂಡೆ ಚೂರುಗಳೂ ಎಷ್ಟೋ ಸಲ ಅದೇ ಗಟ್ಟಿ ಹವಳದ ಅಸ್ಥಿಪಂಜರವೇ ಆಗಿರತ್ತೆ, ಅದ್ರ ಬದ್ಲು ಸೆರಾಮಿಕ್ಕಿನಲ್ಲೋ ಸಿಮೆಂಟಲ್ಲೋ ಮಾಡಿದ ರಂಧ್ರ ಇರೋ ಬಂಡೆ ಹಾಕಿ, ಎರಡು ವರ್ಷಕ್ಕೆ ಮೇಲೆಲ್ಲ ನೇರಳೆ ಬಣ್ಣದ ಪಾಚಿ ಹತ್ತಿ ವ್ಯತ್ಯಾಸಾನೇ ಗೊತ್ತಾಗಲ್ಲ. ನನ್ನ ಟ್ಯಾಂಕಲ್ಲಿರೋದು ಬರೀ ಮೆತ್ತನೆ ಜಾತಿ: ಮಶ್ರೂಮ್, ಜೋವಾಂಥಿಡ್, ಟೋಡ್‌ಸ್ಟೂಲ್ ಅನ್ನೋ ಲೆದರ್, ಜೀನಿಯಾ. ಅವೂ ಗೆಳೆಯರ ಟ್ಯಾಂಕಲ್ಲಿ ಬೆಳೆದು ಬಂದಿದ್ದು. ನಿಜ ಹೇಳ್ಬೇಕಂದ್ರೆ ನೀರಿನ ಸೆಳೆತಕ್ಕೆ ಟೋಡ್‌ಸ್ಟೂಲ್ ಕೈಕೈ ಆಡಿಸೋದನ್ನ ನೋಡ್ತಾ ಕೂತ್ರೆ ಗಟ್ಟಿ ಹವಳ ಬೇಕು ಅನ್ಸೋದೇ ಇಲ್ಲ.

ಟ್ಯಾಂಕು ಚಿಕ್ಕದಾದಷ್ಟೂ ಸುಲಭ ಅನ್ಕೋತಾರೆ, ಉಲ್ಟಾ ಅದು. ನೀರು ಜಾಸ್ತಿ ಇದ್ದಷ್ಟೂ ಏರುಪೇರು ನಿಧಾನ. ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ್ದಾದ್ರೆ ಸುಮಾರು 190 ಲೀಟರ್ ಹಿಡಿಯತ್ತೆ, ಗಾಜು ಬಂಡೆ ಮರಳು ಎಲ್ಲ ಸೇರಿ 250 ಕೆಜಿ ದಾಟತ್ತೆ, ಹಳೇ ಟಿವಿ ಸ್ಟ್ಯಾಂಡ್ ಮೇಲೆ ಇಡೋ ಐಡಿಯಾ ಇದ್ರೆ ಈಗ್ಲೇ ಬಿಡಿ. ಬಿಸಿಲು ಬೀಳೋ ಕಿಟಕಿ ಪಕ್ಕನೂ ಬೇಡ.

ಈಗ ನೀರು. ನಲ್ಲೀಲಿ ಬರೋ ಕಾವೇರಿ ನೀರಲ್ಲಿ ಕ್ಲೋರಿನ್ ಇರತ್ತೆ, ಬೋರ್‌ವೆಲ್ ನೀರಂತೂ ಗಡಸು, ಎರಡೂ ಹಂಗೇ ಹಾಕಂಗಿಲ್ಲ. ಅಡುಗೆಮನೆ ಆರ್‌ಒ ಇದೆಯಲ್ಲ ಅಂತೀರಾ, ಅದ್ರಲ್ಲಿ ರುಚಿಗೆ ಅಂತ ಸ್ವಲ್ಪ ನೀರನ್ನ ಮೆಂಬ್ರೇನ್ ತಪ್ಪಿಸಿ ಬೆರೆಸ್ತಾರೆ ಇಲ್ಲಾ ಮಿನರಲ್ ಕಾರ್ಟ್ರಿಜ್ ಹಾಕಿರ್ತಾರೆ, ನೀರಲ್ಲಿ ಕರಗಿರೋ ಲವಣ ಎಷ್ಟು ಅಂತ ತೋರಿಸೋ ಟಿಡಿಎಸ್ ಮೀಟರ್ ಹಿಡಿದು ನೋಡಿ ಗೊತ್ತಾಗತ್ತೆ. ನಮಗೆ ಬೇಕಾಗಿರೋದು ಸೊನ್ನೆ. ಆರ್‌ಒ ಆದ್ಮೇಲೆ ಉಳಿದ ಲವಣ ಹಿಡ್ಕೊಳ್ಳೋ ಡಿಐ ರೆಸಿನ್ ತುಂಬಿದ ಒಂದು ಕೊಳವೆ ಸೇರಿಸ್ಕೊಂಡ್ರೆ ಸೊನ್ನೆಗೆ ಬರತ್ತೆ. ವೇಸ್ಟ್ ನೀರಿಗೆ ಬಕೆಟ್ ಇಡಿ, ಮನೆ ಒರೆಸೋಕಾಗತ್ತೆ, ಮನೆಯವ್ರ ಬೈಗುಳ ಅರ್ಧ ಕಮ್ಮಿ.

ಉಪ್ಪಿನ ವಿಷಯದಲ್ಲಿ ಜಾಣತನ ತೋರಿಸ್ಬೇಡಿ. ಕಲ್ಲುಪ್ಪು ಬರೀ ಸೋಡಿಯಂ ಕ್ಲೋರೈಡು, ಸಮುದ್ರದಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎಲ್ಲ ಇರತ್ತೆ. ಇನ್ನೊಬ್ರು ಮಂಗಳೂರಿಂದ ಸಮುದ್ರದ ನೀರನ್ನೇ ಕ್ಯಾನಲ್ಲಿ ತಂದ್ಬಿಡ್ತೀನಿ ಅಂದ್ರು. ದಡದಲ್ಲಿ ಸಿಗೋ ನೀರಲ್ಲಿ ನೇತ್ರಾವತಿ ಎಷ್ಟು, ಸಮುದ್ರ ಎಷ್ಟು, ಚರಂಡಿ ಎಷ್ಟು ಅಂತ ಯಾರು ಅಳೀತಾರೆ, ಮಳೆಗಾಲದಲ್ಲಂತೂ ಕೇಳ್ಲೇಬೇಡಿ. ರೀಫ್ ಸಾಲ್ಟ್ ಅಂತಾನೇ ಸಿಗತ್ತೆ, ಲೀಟರಿಗೆ ಹೆಚ್ಚುಕಮ್ಮಿ 36 ಗ್ರಾಂ. ಬೇರೆ ಡ್ರಮ್ಮಲ್ಲಿ ಒಂದು ಚಿಕ್ಕ ಪಂಪ್ ಬಿಟ್ಟು ರಾತ್ರಿಯೆಲ್ಲ ಕಲಕಕ್ಕೆ ಬಿಡಿ, ಬೆಳಿಗ್ಗೆ ಉಪ್ಪಿನ ಅಂಶ ಅಳೆಯೋ ರಿಫ್ರ್ಯಾಕ್ಟೊಮೀಟರಲ್ಲಿ ನೋಡಿ, 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ಅಥವಾ ಸಾಪೇಕ್ಷ ಸಾಂದ್ರತೆ 1.025, 1.026 ಬಂದ್ರೆ ಸರಿ. ಆ ಮೀಟರನ್ನ 35ರ ಸ್ಟ್ಯಾಂಡರ್ಡ್ ದ್ರಾವಣದಲ್ಲಿ ಸರಿ ಮಾಡ್ಕೊಂಡಿರ್ಬೇಕು, ಬರೀ ನೀರಲ್ಲಿ ಸೊನ್ನೆ ತೋರಿಸ್ತು ಅಂತ ನಂಬ್ಬೇಡಿ.

ಟ್ಯಾಂಕ್ ತುಂಬಿಸಿ ಮರುದಿನ ಮೀನು ಬಿಡೋದು ದೊಡ್ಡ ತಪ್ಪು, ನಾನೂ ಮಾಡಿದೀನಿ. ಮೊದ್ಲು ಬ್ಯಾಕ್ಟೀರಿಯಾ ಕೂರ್ಬೇಕು. ಒಂದು ಹಸಿ ಸಿಗಡಿ ಹಾಕಿ ಕೊಳೆಯೋಕೆ ಬಿಟ್ರೆ ಅಮೋನಿಯಾ ಬರತ್ತೆ, ಅದನ್ನ ಒಂದು ಗುಂಪು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡತ್ತೆ, ಇನ್ನೊಂದು ಗುಂಪು ನೈಟ್ರೇಟ್ ಮಾಡತ್ತೆ. ನಮ್ಮನೇಲಿ ಸಿಗಡಿ ಹೊಸಲು ದಾಟಂಗಿಲ್ಲ, ಹಂಗಾಗಿ ನಾನು ಅಮೋನಿಯಂ ಕ್ಲೋರೈಡ್ ಹನಿ ಹಾಕಿ ಮಾಡ್ದೆ, ಎರಡೂ ನಡೆಯತ್ತೆ. ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆಗೆ ಬರೋಕೆ ನಾಲ್ಕರಿಂದ ಆರು ವಾರ. ಆಮೇಲೆ ಮರಳಿನ ಮೇಲೆ ಕಂದು ಪುಡಿ ಥರ ಬರತ್ತೆ, ಹಸಿರು ಕೂದಲು ಬರತ್ತೆ, ಎಲ್ಲಾ ಹಾಳಾಯ್ತು ಅನ್ಸತ್ತೆ, ಹಾಳಾಗಿರಲ್ಲ, ನಾಲ್ಕೈದು ಪಾಚಿ ತಿನ್ನೋ ಟರ್ಬೊ ಬಸವನಹುಳ ಬಿಟ್ಟು ಸುಮ್ನಿರಿ.

ಮೀನು ಅಂದ್ರೆ ಎರಡು ಕ್ಲೌನ್‌ಫಿಶ್ ಸಾಕು. ಹಿಡಿದು ತಂದಿದ್ದಲ್ಲ, ಮರಿ ಮಾಡಿಸಿದ್ದೇ ಬೇಕು ಅಂತ ಕೇಳಿ ತಗೊಳ್ಳಿ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ)ಯವ್ರು ತಮಿಳುನಾಡಿನ ಮಂಡಪಂನಲ್ಲಿ ಕ್ಲೌನ್ ಮರಿ ಮಾಡಿಸೋದನ್ನ ಯಾವತ್ತೋ ಸಾಧಿಸಿದಾರೆ, ಹಂಗಾಗಿ ಸಮುದ್ರದಿಂದ ಬಂದಿದ್ದೇ ಬೇಕು ಅನ್ನೋದಕ್ಕೆ ಅರ್ಥ ಇಲ್ಲ.

ಟೆಂಪರೇಚರಲ್ಲಿ ನಮ್ಮೂರು ಪುಣ್ಯ ಮಾಡಿದೆ. 24ರಿಂದ 27 ಡಿಗ್ರಿ ಇರ್ಬೇಕು. ಡಿಸೆಂಬರ್ ರಾತ್ರೀಲಿ ಹೀಟರ್ ಬೇಕೇ ಬೇಕು, ಏಪ್ರಿಲಲ್ಲಿ ನೀರಿನ ಮೇಲೆ ಎರಡು ಚಿಕ್ಕ ಫ್ಯಾನ್ ತಿರುಗಿಸಿದ್ರೆ ಎರಡು ಮೂರು ಡಿಗ್ರಿ ಇಳಿಯತ್ತೆ, ಚಿಲ್ಲರ್‌ಗೆ ಅಷ್ಟು ದುಡ್ಡು ಸುರಿಯೋ ಅವಶ್ಯಕತೆ ನನಗೆ ಇದುವರೆಗೂ ಬಂದಿಲ್ಲ. ಆದ್ರೆ ಫ್ಯಾನ್ ಇದ್ದಷ್ಟೂ ನೀರು ಆವಿಯಾಗತ್ತೆ, ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯತ್ತೆ, ಅದಕ್ಕೆ ದಿನಾ ಮೇಲೆ ತುಂಬಿಸೋದು ಸೊನ್ನೆ ಟಿಡಿಎಸ್ ಸಪ್ಪೆ ನೀರು. ಉಪ್ಪುನೀರು ಡ್ರಮ್ಮೂ ಸಪ್ಪೆ ನೀರು ಡ್ರಮ್ಮೂ ಒಂದೇ ಬಣ್ಣದ್ದು ತಗೊಂಡ್ರೆ ಒಂದಲ್ಲ ಒಂದು ದಿನ ಅದಲು ಬದಲು ಆಗೇ ಆಗತ್ತೆ. ನಂದು ಒಂದು ನೀಲಿ, ಒಂದು ಕೆಂಪು.

ಸಂಪ್, ಅಂದ್ರೆ ಮೇನ್ ಟ್ಯಾಂಕಿನ ಕೆಳಗೆ ಪೈಪಲ್ಲಿ ಸೇರಿಸಿರೋ ಎರಡನೇ ತೊಟ್ಟಿ, ಇಟ್ಕೊಂಡಿದ್ರೆ ಮೊದಲನೇ ದಿನಾನೇ ಬೇಕಂತ್ಲೇ ಮೇನ್ ಆಫ್ ಮಾಡಿ ನೋಡಿ. ಪಂಪ್ ನಿಂತ ತಕ್ಷಣ ಮೇಲಿನ ನೀರು ಪೈಪಲ್ಲಿ ವಾಪಸ್ ಎಳ್ಕೊಂಡು ಕೆಳಗೆ ಬರತ್ತೆ, ಸಂಪಲ್ಲಿ ಅದಕ್ಕೆ ಜಾಗ ಇರ್ಬೇಕು. ನಾನು ಟೆಸ್ಟ್ ಮಾಡಿರ್ಲಿಲ್ಲ, ಒಂದು ಭಾನುವಾರ ಹಾಲ್ ತುಂಬಾ ಉಪ್ಪುನೀರು, ಕೆಳಗಡೆ ಮನೆಯವ್ರು ಮೇಲೆ ಬಂದು ಬೆಲ್ ಒತ್ತಿದಾಗಲೇ ಗೊತ್ತಾಗಿದ್ದು. ವೈರುಗಳನ್ನ ಪ್ಲಗ್ಗಿಗಿಂತ ಕೆಳಗೆ ಒಂದು ಜೋಲು ಬರೋ ಹಾಗೆ ಬಿಡಿ, ಹನಿ ಅಲ್ಲಿಂದ ಕೆಳಗೆ ಬೀಳತ್ತೆ, ಸ್ವಿಚ್ಚಿಗೆ ಹೋಗಲ್ಲ. ಸೊಳ್ಳೆ ಸ್ಪ್ರೇ ಆ ರೂಮಲ್ಲಿ ಹೊಡೀಲೇಬೇಡಿ, ಸೀಗಡಿ ಏಡಿ ಮೊದ್ಲು ಹೋಗತ್ತೆ. ಆಯುಧಪೂಜೆಗೆ ಸ್ಟ್ಯಾಂಡಿಗೆ ಕುಂಕುಮ ಇಡ್ಲಿ ಪರ್ವಾಗಿಲ್ಲ, ಹೂವು ನೀರಿಗೆ ಬೀಳದ ಹಾಗೆ ನೋಡ್ಕೊಳ್ಳಿ ಅಷ್ಟೇ.

ಇನ್ನು ನಂಬರುಗಳು. ಆಲ್ಕಲಿನಿಟಿ (ನೀರಿನ ಕ್ಷಾರೀಯತೆ, ಡಿಕೆಎಚ್ ಅದ್ರ ಅಳತೆ) 8, 9 ಡಿಕೆಎಚ್, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಷಿಯಂ 1300 ಪಿಪಿಎಂ ಆಸುಪಾಸು. ಮೆತ್ತನೆ ಹವಳಕ್ಕೆ ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಾಯಿಸಿದ್ರೆ ಇವೆಲ್ಲ ತಾವೇ ನಿಲ್ಲತ್ತೆ, ಬಾಟಲಿ ಬಾಟಲಿ ಕೆಮಿಕಲ್ ಸುರಿಯೋ ಚಟ ಬೇಡ. ಲೈಟು ದಿನಕ್ಕೆ ಎಂಟು ಗಂಟೆ.

ಈಗ ಹಂಚೋ ವಿಷಯ, ನನಗೆ ಇದೇ ಮುಖ್ಯ. ಫ್ರ್ಯಾಗ್ ಅಂತಾರೆ, ಕಪ್ಪೆ ಅಲ್ಲ, ತುಂಡು. ಟೋಡ್‌ಸ್ಟೂಲ್ ದೊಡ್ಡದಾದ್ಮೇಲೆ ಟ್ಯಾಂಕಿಂದ ಈಚೆ ತೆಗೆದು ಒಂದು ತಟ್ಟೇಲಿಟ್ಟು ಹೊಸ ಬ್ಲೇಡಲ್ಲಿ ಟೋಪಿಯ ಅಂಚಿಂದ ಎರಡು ಬೆರಳಗಲ ಕತ್ತರಿಸಿ. ಸುಟ್ಟ ರಬ್ಬರಿಗೂ ಹಸಿ ಮೀನಿಗೂ ಮಧ್ಯದ ಒಂದು ವಾಸನೆ ಬರತ್ತೆ, ಕೈಗೆಲ್ಲ ಲೋಳೆ, ಹೆದರ್ಬೇಡಿ. ಟ್ಯಾಂಕ್ ನೀರಲ್ಲೇ ಎರಡು ಮೂರು ಸಲ ಜಾಲಾಡ್ಸಿ, ಆ ಲೋಳೆ ನೀರು ವಾಪಸ್ ಟ್ಯಾಂಕಿಗೆ ಹಾಕ್ಬೇಡಿ, ಒಂದೆರಡು ದಿನ ಟ್ಯಾಂಕ್ ನೀರನ್ನ ಆಕ್ಟಿವೇಟೆಡ್ ಕಾರ್ಬನ್ ಮೂಲಕ ಓಡಿಸಿ. ಲೋಳೆ ಇರೋದಕ್ಕೆ ಗಮ್ ಹಿಡಿಯಲ್ಲ, ಚಿಕ್ಕ ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ, ಬಿಗಿ ಮಾಡಿದ್ರೆ ತುಂಡಾಗೋಗತ್ತೆ, ಸಡಿಲ ಬಿಟ್ರೆ ತೇಲೋಗತ್ತೆ, ಹೂವಿನ ಮಾಲೆ ಕಟ್ಟೋವಾಗ ದಾರ ಎಷ್ಟು ಎಳೀತೀರೋ ಅಷ್ಟೇ. ಎರಡು ವಾರಕ್ಕೆ ತಾನೇ ಕಚ್ಕೊಳ್ಳತ್ತೆ. ಮಶ್ರೂಮ್ ಆದ್ರೆ ಹೋಳಿಗೆ ಮುರಿದ ಹಾಗೆ ಬಾಯಿ ಮಧ್ಯ ಬರೋ ಥರ ನಾಲ್ಕು ಭಾಗ, ಕಲ್ಲುಚೂರು ತುಂಬಿದ ಡಬ್ಬೀಲಿ ಹಾಕಿ ಮೇಲೆ ಸೊಳ್ಳೆ ಪರದೆ ಕಟ್ಬಿಡಿ, ಒಂದೊಂದು ಚೂರೂ ಒಂದೊಂದು ಹೊಸದಾಗತ್ತೆ.

ಜೋವಾಂಥಿಡ್ ಮಾತ್ರ ಆಟ ಅಲ್ಲ. ಅದ್ರಲ್ಲೂ ಪಾಲಿಥೋವಾ ಜಾತೀಲಿ ಪಾಲಿಟಾಕ್ಸಿನ್ ಅನ್ನೋ ವಿಷ ಇರತ್ತೆ, ಗಾಯಕ್ಕೆ, ಕಣ್ಣಿಗೆ, ಆವಿಯಲ್ಲಿ ಉಸಿರಿಗೆ ಹೋದ್ರೆ ಆಸ್ಪತ್ರೆನೇ ಗತಿ. ಗ್ಲೌಸು, ಕನ್ನಡಕ ಇಲ್ದೆ ಮುಟ್ಬೇಡಿ, ಅದು ಹತ್ತಿರೋ ಕಲ್ಲನ್ನ ಬಿಸಿನೀರಲ್ಲಿ ಕುದಿಸೋದು, ಬ್ರಷ್ ಹಾಕಿ ಉಜ್ಜೋದು ಯಾವತ್ತೂ ಮಾಡ್ಬೇಡಿ. ಮಕ್ಕಳಿರೋ ಮನೆಗೆ ನಾನು ಜೋವಾಂಥಿಡ್ ಕೊಡಲ್ಲ, ಕೇಳಿದ್ರೂ ಕೊಡಲ್ಲ.

ಕೊಡೋವಾಗ ಮುಚ್ಚಳ ಬಿಗಿಯಾಗಿರೋ ಡಬ್ಬಿ ತುಂಬಾ ಟ್ಯಾಂಕ್ ನೀರು, ಡಬ್ಬಿ ಸುತ್ತ ಪೇಪರ್, ಎಲ್ಲ ಸೇರಿ ಥರ್ಮಾಕೋಲ್ ಪೆಟ್ಟಿಗೆ. ಮಂಡ್ಯಕ್ಕೆ ಬಸ್ಸಲ್ಲಿ ಒಂದು ಗಂಟೆ ದಾರಿ, ಇಷ್ಟು ಸಾಕು. ಡಬ್ಬಿ ಮೇಲೆ ಕತ್ತರಿಸಿದ ತಾರೀಕು, ನಮ್ಮ ಟ್ಯಾಂಕಿನ ಉಪ್ಪು, ಡಿಕೆಎಚ್, ಟ್ಯಾಂಕಲ್ಲಿ ಮೇಲಿತ್ತಾ ಕೆಳಗಿತ್ತಾ ಅಂತ ಬರೀರಿ. ಕತ್ತರಿಸಿದ ದಿನಾನೇ ಕೊಡ್ಬೇಡಿ, ಎರಡು ವಾರ ನಿಮ್ಮ ಹತ್ರನೇ ವಾಸಿಯಾಗ್ಲಿ. ತಗೊಳ್ಳೋರು ಡಬ್ಬಿ ಅರ್ಧ ಗಂಟೆ ತೇಲಿ ಬಿಟ್ಟು, ಹನಿಹನಿ ನೀರು ಬೆರೆಸಿ, ಟಾರ್ಚ್ ಹಾಕಿ ಕಲ್ಲಿನ ಅಡೀಲಿ ನೋಡ್ಬೇಕು. ಕಂದು ಬಣ್ಣದ ಪುಟಾಣಿ ತೆಂಗಿನಮರ ಥರ ಕಂಡ್ರೆ ಅದು ಏಪ್ಟೇಷಿಯಾ, ಟ್ಯಾಂಕಿಗೆ ಕಳೆ ಥರ ಹಬ್ಬೋ ಜೀವಿ. ಕಿತ್ತು ಹಾಕೋಕೆ ಹೋದ್ರೆ ಚೂರಿಂದ ಚೂರು ಹುಟ್ಟತ್ತೆ. ಸುಣ್ಣಾನ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಸಿರಿಂಜಲ್ಲಿ ಅದ್ರ ಬಾಯಿಗೇ ಬಿಡಿ, ಪಂಪ್ ಹತ್ತು ನಿಮಿಷ ಆಫ್ ಮಾಡಿ. ಎಲೆಅಡಿಕೆ ಸುಣ್ಣ ಅಲ್ಲ, ಅದ್ರಲ್ಲಿ ಏನೇನು ಬೆರೆಸಿರ್ತಾರೋ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತಗೊಳ್ಳಿ.

ಫ್ರ್ಯಾಗಿಗೆ ನಾನು ದುಡ್ಡು ತಗೊಳ್ಳಲ್ಲ, ಒಂದು ಮಾತು ತಗೋತೀನಿ, ನಿಮ್ಮದು ದೊಡ್ಡದಾದಾಗ ಇನ್ನೊಬ್ರಿಗೆ ಒಂದು ತುಂಡು ಕೊಡ್ಬೇಕು ಅಂತ. ಒಳ್ಳೆತನ ಅನ್ಕೋಬೇಡಿ, ಸ್ವಾರ್ಥ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನಂಜನಗೂಡಲ್ಲಿ ಮದುವೆ, ನಾವೆಲ್ಲ ಅಲ್ಲೇ ಉಳ್ಕೊಂಡ್ವಿ, ಇಲ್ಲಿ ಸಂಜೆ ಗಾಳಿ ಮಳೆಗೆ ನಮ್ಮ ರೋಡಿನ ಮರ ಲೈನ್ ಮೇಲೆ ಬಿದ್ದಿತ್ತು. ಇನ್ವರ್ಟರ್ ಮಧ್ಯರಾತ್ರಿ ತನಕ ಎಳೆದಿರ್ಬೇಕು. ಮಾರನೇ ದಿನ ಮಧ್ಯಾಹ್ನ ಬಾಗಿಲು ತೆಗೆದ್ರೆ ವಾಸನೆ, ನೀರು ಹಾಲಿನ ಬಣ್ಣ, ಬಸವನಹುಳಗಳೆಲ್ಲ ಗಾಜಿಂದ ಕೆಳಗೆ ಬಿದ್ದಿದ್ವು. ನೀರು ಆಡದೇ ಇದ್ರೆ ಆಕ್ಸಿಜನ್ ಖಾಲಿ, ಅಷ್ಟೇ ಕಥೆ. ಈಗ ಕರೆಂಟ್ ಹೋದ್ರೆ ತಾನೇ ಶುರುವಾಗೋ ಬ್ಯಾಟರಿ ಏರ್ ಪಂಪ್ ಇದೆ, ಟ್ಯಾಂಕ್ ಜೊತೇಲೇ ತಗೊಳ್ಳಿ, ಆಮೇಲೆ ನೋಡೋಣ ಅನ್ಬೇಡಿ.

ಆವತ್ತಿಗೆ ನನ್ನ ಟೋಡ್‌ಸ್ಟೂಲಿನ ಒಂದು ತುಂಡು ಮಂಡ್ಯದ ಗೆಳೆಯನ ಹತ್ರ ಅಂಗೈ ಅಗಲ ಬೆಳೆದಿತ್ತು. ಟ್ಯಾಂಕಲ್ಲಿ ಮತ್ತೆ ಬ್ಯಾಕ್ಟೀರಿಯಾ ಕೂತ್ಮೇಲೆ ಅವ್ನೇ ಅದ್ರಲ್ಲಿ ಕತ್ತರಿಸಿ ಟಿಫನ್ ಡಬ್ಬೀಲಿ ಹಾಕ್ಕೊಂಡು ಬಂದು ಕೊಟ್ಟ. ಅದೀಗ ದೋಸೆ ತಟ್ಟೆ ಅಷ್ಟಾಗಿದೆ. ಹೋದ ತಿಂಗಳು ಅವ್ನ ಹೀಟರ್ ಆಫ್ ಆಗದೆ ನೀರು ಕಾದು ಅಲ್ಲಿದ್ದಿದ್ದು ಹೋಯ್ತು, ಹಂಗಾಗಿ ಇದ್ರಲ್ಲಿ ಮೂರು ತುಂಡು ಮಾಡಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದೀನಿ, ಎರಡು ಕಚ್ಕೊಂಡಿವೆ, ಒಂದು ಇನ್ನೂ ಅಲ್ಲಾಡ್ತಿದೆ, ಭಾನುವಾರ ಮಂಡ್ಯಕ್ಕೆ ಹೋಗೋದು.